ಯಾರ್ಕ್‌ಟೌನ್ ರಣಭೂಮಿ: ಅರಕೆರೆಯವನೊಬ್ಬ ನೋಡಿ ಬಂದದ್ದು

ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ಮೂರನೇ ಮೈಸೂರು ಯುದ್ಧದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಬ್ರಿಟಿಷ್ ದಳಪತಿ ಕಾರ್ನ್‌ವಾಲಿಸ್ ಹೆಸರು ಬರೆಯುತ್ತಿದ್ದೆ. 'ಇವನು ಇಲ್ಲಿಗೆ ಬರೋ ಮೊದಲು ಅಮೆರಿಕದಲ್ಲಿ ಸೋತಿದ್ದ' ಎಂದು ಒಂದು ಸಾಲು ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಆ ಒಂದು ಸಾಲಿನ ಜಾಗವನ್ನು ಈ ಸಲ ಕಣ್ಣಾರೆ ನೋಡಿದೆ. ವರ್ಜೀನಿಯಾ ರಾಜ್ಯದ ಯಾರ್ಕ್‌ಟೌನ್. ಬ್ರಿಟಿಷರಿಂದ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಅಮೆರಿಕನ್ನರು ಫ್ರೆಂಚರ ನೆರವಿನಿಂದ 1781ರಲ್ಲಿ ಅವನನ್ನು ಸುತ್ತುಗಟ್ಟಿ ಸೋಲಿಸಿದ್ದು ಇಲ್ಲೇ. ಮಗ ರಿಚ್ಮಂಡ್‌ನಲ್ಲಿದ್ದಾನೆ, ಅಲ್ಲಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ.

ಎರಡು ಸಲ ಹೋದೆ. ಮೊದಲನೇ ಸಲ ಒಂದು ಟೂರ್ ಬಸ್ಸಿನಲ್ಲಿ. ಅವರು ಕೊಟ್ಟಿದ್ದು 40 ನಿಮಿಷ. ವಿಜಯಸ್ತಂಭದ ಮುಂದೆ ಫೋಟೋ ತೆಗೆಸಿ, ಶೌಚಾಲಯ ತೋರಿಸಿ, ಹತ್ತಿ ಹತ್ತಿ ಅಂತ ಹೊರಡಿಸಿದರು. ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ದೂರ ಹೋಗಿ ಏನೂ ನೋಡದೆ ಬಂದೆನಲ್ಲಾ ಅನ್ನಿಸಿತು. ಮುಂದಿನ ಶನಿವಾರ ಮಗನೇ ಕರೆದುಕೊಂಡು ಹೋದ. ಈ ಬರಹ ಆ ಎರಡನೇ ಸಲದ್ದು. ಬಸ್ಸಿನಲ್ಲಿ ದಯವಿಟ್ಟು ಹೋಗಬೇಡಿ.

ಮೊದಲು ಒಂದು ವಿಷಯ ತಿಳಿದಿರಲಿ. ಊರಿನಲ್ಲಿ ನೋಡುವಂಥವು ಎರಡು ಇವೆ. ರಾಜ್ಯದವರು ನಡೆಸುವ ದೊಡ್ಡ ಮ್ಯೂಸಿಯಂ ಬೇರೆ, ಅದರ ಟಿಕೆಟ್ ಬೇರೆ. ನಾನು ಹೇಳುತ್ತಿರುವುದು ನ್ಯಾಷನಲ್ ಪಾರ್ಕಿನವರ ಕೈಯಲ್ಲಿರುವ ರಣಭೂಮಿ. ಇಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ರೇಂಜರ್ ಜೊತೆ ನಡೆದುಕೊಂಡು ಹೋಗುವ ಸುತ್ತು ಇರುತ್ತದೆ, ಆ ದಿನದ ವೇಳೆ ವಿಸಿಟರ್ ಸೆಂಟರಿನಲ್ಲಿ ಕೇಳಿ. ಆಮೇಲೆ ಕಾರಿನಲ್ಲಿ ನೀವೇ ಸುತ್ತಬಹುದು. ಕೆಂಪು ಬಾಣದ ಗುರುತು ಹಿಡಿದರೆ ಯುದ್ಧದ ಜಾಗಗಳು, ಹಳದಿ ಹಿಡಿದರೆ ಸೈನ್ಯ ಬೀಡುಬಿಟ್ಟ ಜಾಗಗಳು. ಸಮಯ ಕಮ್ಮಿ ಇದ್ದರೆ ಕೆಂಪು ಸಾಕು.

ವಿಸಿಟರ್ ಸೆಂಟರಿನ ಒಳಗೆ ಒಂದು ತೋಪಿದೆ. ಅದರ ಮೈಮೇಲೆ ಗುಂಡು ಬಡಿದು ತಗ್ಗು ಬಿದ್ದಿದೆ. ಇಲ್ಲಿ ಬ್ರಿಟಿಷರಿಂದ ಕಿತ್ತುಕೊಂಡ ತೋಪು ಅದು. ಇಲ್ಲೇ ಹೋರಾಡಿದ್ದ ಫ್ರೆಂಚ್ ಸೇನಾನಿ ಲಫಾಯೆತ್ ಮುದುಕನಾದ ಮೇಲೆ 1824ರಲ್ಲಿ ಅಮೆರಿಕಕ್ಕೆ ಬಂದಾಗ ಆ ತಗ್ಗು ನೋಡಿಯೇ ಇದು ಅದೇ ತೋಪು ಎಂದು ಗುರುತು ಹಿಡಿದನಂತೆ. 43 ವರ್ಷದ ಮೇಲೆ! ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಹೊರಗಿನ ಮಣ್ಣಿನ ಕಿರುಕೋಟೆಗಳೇ ಇಲ್ಲಿನ ಜೀವ. ರಿಡೌಟ್ ಅನ್ನುತ್ತಾರೆ, ಬ್ರಿಟಿಷರು ಕಾವಲಿಗೆ ಕಟ್ಟಿಕೊಂಡಿದ್ದವು. 9ನೇದು, 10ನೇದು ಎರಡೂ ನದಿಯ ಹತ್ತಿರ ಇವೆ. ಈಗಿರುವುದು ಮತ್ತೆ ಕಟ್ಟಿದ್ದು. 10ನೇದರ ಜಾಗವನ್ನು ನದಿಯೇ ಕೊರೆದು ಬಹುಪಾಲು ತಿಂದುಬಿಟ್ಟಿದೆ. ಮಣ್ಣಿನ ಗೋಡೆಯಿಂದ ಚೂಪು ಗೂಟಗಳು ಹೊರಕ್ಕೆ ಚಾಚಿಕೊಂಡಿವೆ, ಕೆಳಗೆ ಕಂದಕ. 1781ರ ಅಕ್ಟೋಬರ್ 14ರ ರಾತ್ರಿ 10ನೇದಕ್ಕೆ ಅಮೆರಿಕನ್ನರು ನುಗ್ಗಿದರು, 9ನೇದಕ್ಕೆ ಫ್ರೆಂಚರು. ಒಂದೊಂದು ಕಡೆಗೆ ಸುಮಾರು 400 ಜನ. ಅಮೆರಿಕನ್ನರ ಬಂದೂಕಿನಲ್ಲಿ ಮದ್ದೇ ಇರಲಿಲ್ಲ. ಕತ್ತಲಲ್ಲಿ ಒಬ್ಬನ ಗುಂಡು ಹಾರಿದರೂ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ. ಬರೀ ಬಯೊನೆಟ್, ಅಂದರೆ ಬಂದೂಕಿನ ತುದಿಯ ಚೂರಿ, ಹಿಡಿದು ಹೋದರು. ಹತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಅವರ ನಾಯಕ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಮುಂದೆ ದೇಶದ ಮೊದಲ ಖಜಾನೆ ಮಂತ್ರಿ ಆದವನು. ಮೊಮ್ಮಗ ಅಪ್ಪನ ಪರ್ಸಿನಿಂದ 10 ಡಾಲರ್ ನೋಟು ತೆಗೆದು, 'ತಾತ, ಇವರೇನಾ?' ಅಂದ. ಹೌದು ಕಂದ, ಇವರೇ. ನೋಟನ್ನು ಗೂಟದ ಪಕ್ಕ ಹಿಡಿದು ಫೋಟೋ ತೆಗೆದುಕೊಂಡ.

ಅವತ್ತು ನಮ್ಮ ಜೊತೆ ಬಂದ ರೇಂಜರ್ ಸಾವಧಾನವಾಗಿ ಹೇಳಿದರು. ನನ್ನ ಇಂಗ್ಲಿಷ್ ನಿಧಾನ, ಅದಕ್ಕೆ ತಕ್ಕಂತೆ ಅವರೂ ನಿಧಾನ ಮಾಡಿದರು. ಒಳ್ಳೆ ಮೇಷ್ಟರ ಗುಣ ಅದು. ಶರಣಾಗತಿಯ ಭಾಗ ಹೇಳುವಾಗ ಮಕ್ಕಳೂ ಸುಮ್ಮನೆ ನಿಂತು ಕೇಳಿದರು. ಹಿಂದಿನ ವರ್ಷ ಚಾರ್ಲ್ಸ್‌ಟನ್‌ನಲ್ಲಿ ಅಮೆರಿಕನ್ನರು ಸೋತಾಗ ಬಾವುಟ ಬಿಚ್ಚಿ ಮರ್ಯಾದೆಯಿಂದ ಹೊರಬರಲು ಬ್ರಿಟಿಷರು ಬಿಟ್ಟಿರಲಿಲ್ಲ. ಇಲ್ಲಿ ಬ್ರಿಟಿಷರಿಗೂ ಅದೇ ಷರತ್ತು ಹಾಕಿದರು. ಅಕ್ಟೋಬರ್ 19ಕ್ಕೆ ಕಾರ್ನ್‌ವಾಲಿಸ್ ಮೈಗೆ ಹುಷಾರಿಲ್ಲ ಎಂದು ಹೊರಗೇ ಬರಲಿಲ್ಲ. ಕೆಳಗಿನ ಅಧಿಕಾರಿ ಒಹಾರಾನನ್ನು ಕಳಿಸಿದ. ಅವನು ಕತ್ತಿ ಕೊಡಲು ಫ್ರೆಂಚ್ ದಳಪತಿ ರೋಷಾಂಬೋ ಹತ್ತಿರ ಹೋದ. ರೋಷಾಂಬೋ ವಾಷಿಂಗ್ಟನ್ ಕಡೆ ತೋರಿಸಿದ. ನಿಮ್ಮವರು ಕೆಳಗಿನವರನ್ನು ಕಳಿಸಿದ್ದಾರೆ, ನಮ್ಮ ಕಡೆಯಿಂದಲೂ ಕೆಳಗಿನವರೇ ತಗೊಳ್ಳುತ್ತಾರೆ ಎನ್ನುವ ಹಾಗೆ ವಾಷಿಂಗ್ಟನ್ ಬೆಂಜಮಿನ್ ಲಿಂಕನ್ ಕಡೆ ತೋರಿಸಿದ. ಚಾರ್ಲ್ಸ್‌ಟನ್‌ನಲ್ಲಿ ಸೋತು ಅವಮಾನ ಉಂಡಿದ್ದವನು ಇದೇ ಲಿಂಕನ್. ಸೈನ್ಯ ಆಯುಧ ಕೆಳಗಿಟ್ಟ ಬಯಲು ಹಾಗೇ ಇದೆ. ಹುಲ್ಲು, ಬೇಲಿ, ದೂರದಲ್ಲಿ ಮರಗಳು. ಎತ್ತರದ ಕಟ್ಟೆಯಲ್ಲಿ ನಿಂತು ನೋಡಬಹುದು. ಸೋತ ಸೈನ್ಯ ಬಾವುಟ ಸುತ್ತಿಟ್ಟುಕೊಂಡು ನಡೆದು ಬಂದ ದಾರಿ ಅದು.

ಮೂರ್ ಹೌಸ್ ಎನ್ನುವ ಮನೆಯಲ್ಲಿ ಕೂತು ಈ ಷರತ್ತುಗಳನ್ನು ಬರೆದರು. ಒಳಗೆ ಬಿಡುವುದು ಎಲ್ಲಾ ದಿನ ಇರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಊರೊಳಗಿನ ನೆಲ್ಸನ್ ಹೌಸ್ ಗೋಡೆಯಲ್ಲಿ ತೋಪಿನ ಪೆಟ್ಟಿನ ಗುರುತುಗಳಿವೆ. ಅದನ್ನು ಬೀದಿಯಿಂದಲೇ ನೋಡಬಹುದು.

ಮಧ್ಯಾಹ್ನ ಯಾರ್ಕ್ ನದಿ ದಂಡೆಯಲ್ಲಿ ಕೂತು ಪುಳಿಯೋಗರೆ ತಿಂದೆವು. ಎದುರಿಗೆ ಗ್ಲೌಸ್ಟರ್ ಪಾಯಿಂಟ್. ಕೂಗಿದರೆ ಕೇಳಿಸುತ್ತದೇನೋ ಅನ್ನುವಷ್ಟು ಹತ್ತಿರ ಕಾಣುತ್ತದೆ. ಸಮುದ್ರಕ್ಕೆ ಹೋಗುವ ದಾರಿಯನ್ನು ಫ್ರೆಂಚ್ ಹಡಗುಗಳು ಆಗಲೇ ಮುಚ್ಚಿದ್ದವು. ಕೊನೆಗೆ ಅಕ್ಟೋಬರ್ 16ರ ರಾತ್ರಿ ಕಾರ್ನ್‌ವಾಲಿಸ್ ದೋಣಿಗಳಲ್ಲಿ ಸೈನ್ಯವನ್ನು ಈ ನದಿ ದಾಟಿಸಿ ಪಾರಾಗಲು ನೋಡಿದ. ಒಂದಷ್ಟು ಜನ ದಾಟಿದರು. ಅಷ್ಟರಲ್ಲಿ ಬಿರುಗಾಳಿ, ಮಳೆ ಬಂದು ದೋಣಿಗಳು ಚೆಲ್ಲಾಪಿಲ್ಲಿಯಾದವು. ಮಾರನೇ ದಿನ ಬೆಳಿಗ್ಗೆ ಒಬ್ಬ ಹುಡುಗ ಡೋಲು ಬಡಿಯುತ್ತಾ ಕೋಟೆ ಮೇಲೆ ಬಂದ, ಹಿಂದೆ ಬಿಳಿ ಕರವಸ್ತ್ರ ಹಿಡಿದ ಅಧಿಕಾರಿ.

ಇದನ್ನು ಕೇಳಿದಾಗ ನನಗೆ ನಮ್ಮೂರೇ ಕಣ್ಣಮುಂದೆ ಬಂತು. 1791ರ ಮೇ 15ರಂದು ಅರಕೆರೆ ಹತ್ತಿರ ಇದೇ ಕಾರ್ನ್‌ವಾಲಿಸ್ ಟಿಪ್ಪು ಸೈನ್ಯವನ್ನು ಹಿಂದಕ್ಕೆ ಒತ್ತಿದ. ಗೆದ್ದರೂ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಲು ಆಗಲಿಲ್ಲ. ಕಾವೇರಿ ತುಂಬಿತ್ತು, ಅತ್ತ ದಡದಲ್ಲಿದ್ದ ತಮ್ಮವರ ದಂಡನ್ನು ಕೂಡಿಕೊಳ್ಳಲಾಗಲಿಲ್ಲ. ಎತ್ತುಗಳು ಸತ್ತವು, ಅಕ್ಕಿ ಮುಗಿಯಿತು. ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಹೋದ. ಆದರೆ ಮುಂದಿನ ವರ್ಷ ಮತ್ತೆ ಬಂದ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಟಿಪ್ಪುವಿನ ಇಬ್ಬರು ಎಳೇ ಮಕ್ಕಳನ್ನು ಒತ್ತೆಯಾಗಿ ತಗೊಂಡ. ಯಾರ್ಕ್‌ಟೌನ್‌ನಲ್ಲಿ ಅವನ ಕಥೆ ಮುಗಿದಿದ್ದರೆ ಅಂತ ಮನಸ್ಸಿಗೆ ಬರುತ್ತದೆ, ಅಲ್ವಾ?

ಮೊಮ್ಮಗನಿಗೆ ಇನ್ನೊಂದು ಹೇಳಿದೆ. ಯಾರ್ಕ್‌ಟೌನ್ ಆದ ಮರುವರ್ಷ, 1782ರ ಏಪ್ರಿಲ್‌ನಲ್ಲಿ, ಪೆನ್ಸಿಲ್ವೇನಿಯಾದವರ ಒಂದು ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಜಾಸ್ತಿ ತೋಪಿದ್ದ ಬ್ರಿಟಿಷ್ ಹಡಗನ್ನು ಹಿಡಿಯಿತು. ಆ ಹಡಗಿನ ಹೆಸರು ಹೈದರ್ ಅಲಿ. ನಮ್ಮ ಹೈದರನೇ. ಇಲ್ಲಿನವರಿಗೆ ಅವನು ಶತ್ರುವಿನ ಶತ್ರು. ಹುಡುಗ ಪುಳಿಯೋಗರೆ ಡಬ್ಬ ಕೆಳಗಿಟ್ಟು, 'ನಮ್ಮ ಊರಿನ ಹೈದರಾ?' ಅಂತ ಎರಡು ಸಲ ಕೇಳಿದ.

ಅರ್ಧ ದಿನವಾದರೂ ಇಟ್ಟುಕೊಳ್ಳಿ. ಬಯಲಿನಲ್ಲಿ ನೆರಳು ಕಮ್ಮಿ, ಟೋಪಿ ಮತ್ತು ನೀರು ಬೇಕೇ ಬೇಕು. ಮಂಡಿನೋವಿರುವವರು ಕಾರಿನ ದಾರಿಯಲ್ಲೇ ಬಹಳಷ್ಟು ನೋಡಬಹುದು, ನಮ್ಮ ಮನೆಯವರು ಹಾಗೇ ನೋಡಿದರು. ಬರುವ ದಾರಿಗೆ ಹೈವೇ ಬಿಟ್ಟು ಕಲೋನಿಯಲ್ ಪಾರ್ಕ್‌ವೇ ಹಿಡಿಯಿರಿ. ಮರಗಳ ನಡುವೆ, ನದಿ ಪಕ್ಕದಲ್ಲೇ ವಿಲಿಯಮ್ಸ್‌ಬರ್ಗ್‌ವರೆಗೆ ಬರುತ್ತದೆ. ನಾವು ಸಂಜೆ ಆ ದಾರಿಯಲ್ಲಿ ಬರುವಾಗ ಮಳೆ ಶುರುವಾಯಿತು. ಕಿಟಕಿ ಇಳಿಸಿ, ನದಿ ಕಾಣುವಷ್ಟು ದೂರವೂ ನೋಡುತ್ತಾ ಬಂದೆ.