ಮೌಲ್ಯಮಾಪನದ ಚುಕ್ಕಾಣಿ ಯಾರ ಕೈಲಿರಬೇಕು?

ಮಲ್ಪೆಯಲ್ಲಿ ಒಣಮೀನು ಮಾಡುವ ಹೆಂಗಸರಿಗೆ ನಿಮ್ಮ ಸಂಸ್ಥೆ ತರಬೇತಿ ಕೊಟ್ಟಿದೆ ಅಂತಿಟ್ಟುಕೊಳ್ಳಿ. ಅದು ಉಪಯೋಗಕ್ಕೆ ಬಂತಾ ಅಂತ ಅವರನ್ನೂ ಸೇರಿಸಿಕೊಂಡೇ ನೋಡಬೇಕು. ದಾರಿ ಮೂರಿವೆ.

ಸಹಯೋಗದ ಮೌಲ್ಯಮಾಪನದಲ್ಲಿ ಚುಕ್ಕಾಣಿ ಮೌಲ್ಯಮಾಪಕರದ್ದೇ, ಹೆಂಗಸರು ಉದ್ದಕ್ಕೂ ಜೊತೆಗಿರುತ್ತಾರೆ. ವರದಿಗೆ ಅವಸರ ಇದ್ದರೆ ಇದೇ ಸಾಕು.

ಸಹಭಾಗಿ ಬಗೆಯಲ್ಲಿ ಹಿಡಿತ ಇಬ್ಬರದ್ದೂ. ಪ್ರಶ್ನೆಗಳನ್ನೂ ಒಟ್ಟಿಗೇ ಬರೆಯಬೇಕು. ನೀವು ‘ಆದಾಯ ಎಷ್ಟು ಹೆಚ್ಚಾಯ್ತು?’ ಅಂತ ಬರೆದರೆ ಅವರು ‘ಮೋಡ ಕವಿದಾಗ ಮೀನು ಎಲ್ಲಿ ಒಣಗಿಸೋದು?’ ಅನ್ನಬಹುದು. ಎರಡನೆಯದೇ ಒಳ್ಳೆ ಪ್ರಶ್ನೆ, ಅಲ್ವಾ? ಸಮಯ ಮಾತ್ರ ಜಾಸ್ತಿ ಬೇಕು. ಆದರೂ ನನ್ನ ಓಟು ಇದಕ್ಕೇ.

ಮೂರನೆಯದು, ಅಮೆರಿಕದ ಮೌಲ್ಯಮಾಪನ ತಜ್ಞ ಡೇವಿಡ್ ಫೆಟರ್‌ಮನ್ 1990ರ ದಶಕದಲ್ಲಿ ಮುಂದಿಟ್ಟ ಸಬಲೀಕರಣ ಮೌಲ್ಯಮಾಪನ. ಇದರಲ್ಲಿ ಚುಕ್ಕಾಣಿ ಹೆಂಗಸರದ್ದೇ, ಕೆಲಸ ಹೇಗೆ ನಡೀತಿದೆ ಅಂತ 1ರಿಂದ 10ರವರೆಗೆ ಅಂಕ ಹಾಕುವವರೂ ಅವರೇ. ಮೌಲ್ಯಮಾಪಕರು ತಪ್ಪನ್ನು ತಪ್ಪು ಅನ್ನುವ ಗೆಳೆಯರು, ಅಷ್ಟೇ. ಹೆಂಗಸರ ಸಂಘ ಗಟ್ಟಿಯಿದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಹೀಗೆ ಜನರನ್ನು ಸೇರಿಸಿಕೊಂಡು ಮಾಡುವ ಎಲ್ಲ ಬಗೆಯ ಮೌಲ್ಯಮಾಪನಕ್ಕೆ ಅಂತಲೇ 2016ರಲ್ಲಿ ಎಂಟು ತತ್ವಗಳು ಪ್ರಕಟವಾದವು. ಅವುಗಳಲ್ಲಿ ಒಂದು: ಜನರನ್ನು ಯಾಕೆ ಸೇರಿಸಿಕೊಳ್ಳುತ್ತಿದ್ದೀರಿ ಅನ್ನೋದು ಮೊದಲೇ ಸ್ಪಷ್ಟವಿರಲಿ. ಸುಮ್ನೆ ಫೋಟೋಕ್ಕೆ ಅಂತಾದರೆ ಬೇಡ.

ಹಾಂ, ಸಭೆಯನ್ನು ಬೆಳಿಗ್ಗೆ ಇಡಬೇಡಿ. ಅದು ಮೀನು ಹರಾಜಾಗುವ ಹೊತ್ತು.