ಝೋನ್ 1 ಡಬ್ಬಿಗೆ ಯಾವ ರೇಡಿಯೋ? ಜಿಎಸ್‌ಎಂ, ವೈಫೈ, ಲೋರಾ ಮೂರೂ ಹಾಕಿ ನೋಡಿದ್ದು

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಇನ್‌ಸ್ಟ್ರುಮೆಂಟ್ ಶಾಪ್ ಉಂಟು, ಒಟ್ಟು ಮೂರು ಜನ. ಸಾಲ್ವೆಂಟ್ ಟ್ಯಾಂಕಿನ ಲೆವೆಲ್, ಟೆಂಪರೇಚರ್ ಓದಿ ಹದಿನೈದು ನಿಮಿಷಕ್ಕೊಮ್ಮೆ ವೈರ್ ಇಲ್ಲದೆ ಕಳಿಸುವ ಬ್ಯಾಟರಿ ಡಬ್ಬಿ ಒಂದು ಬೇಕು ಅಂತ ಗಿರಾಕಿ ಕೇಳಿದ್ರು. ಇಡುದು ಝೋನ್ 1ರಲ್ಲಿ, ಅಂದ್ರೆ ಮಾಮೂಲಿ ಕೆಲಸದ ಹೊತ್ತಲ್ಲೂ ಆಗಾಗ ಹತ್ತುವ ಗ್ಯಾಸ್ ಇರಬಹುದಾದ ಜಾಗದಲ್ಲಿ. ಅಸಿಟೋನ್ ಮಾತ್ರ ಆಗಿದ್ರೆ ಗ್ಯಾಸ್ ಗ್ರೂಪ್ (ಎಷ್ಟು ಸುಲಭಕ್ಕೆ ಹತ್ತುವ ಗ್ಯಾಸ್ ಅಂತ ಮಾಡಿದ ವರ್ಗ) ಟೂ-ಎ ಸಾಕಿತ್ತು, ಆದ್ರೆ ಪಕ್ಕದ ಶೆಡ್ಡಲ್ಲಿ ಹೈಡ್ರೋಜನ್ ಉಂಟು, ಹಾಗಾಗಿ ಟೂ-ಸಿ, ಅಂದ್ರೆ ಎಲ್ಲಕ್ಕಿಂತ ಕಟ್ಟುನಿಟ್ಟಿನದ್ದು. ರಿಫೈನರಿ, ಪಣಂಬೂರಿನ ಪೋರ್ಟು, ಪಾದೂರಿನ ಕ್ರೂಡ್ ಗುಹೆ ಎಲ್ಲ ಇರುವ ಈ ಕರಾವಳಿಯಲ್ಲಿ ಇಂಥ ಕೆಲಸ ಬರುದು ಹೊಸತಲ್ಲ, ಆದ್ರೆ ರೇಡಿಯೋ ಸೇರಿಸಿದ್ದು ನಮಗೆ ಇದೇ ಮೊದಲು. ಟ್ರಯಲ್ ಎಲ್ಲ ನಮ್ಮ ಬೆಂಚಲ್ಲಿ, ಸೇಫ್ ಏರಿಯಾದಲ್ಲೇ ಮಾಡಿದ್ದು, ಟ್ಯಾಂಕ್ ಹತ್ತಿರ ಕೊಂಡುಹೋಗಿ ಅಲ್ಲ ಮಾರಾಯ್ರೆ.

ಪವರ್ ಸಪ್ಲೈ ಮೂರಕ್ಕೂ ಒಂದೇ ಇಟ್ಟೆವು. 3.6 ವೋಲ್ಟಿನ ಥಯೋನಿಲ್ ಕ್ಲೋರೈಡ್ ಸೆಲ್, ಅದರ ಬಾಯಿಗೇ 22 ಓಮ್ ರೆಸಿಸ್ಟರ್, ಎರಡನ್ನೂ ಸೇರಿಸಿ ಪಾಟಿಂಗ್, ಅಂದ್ರೆ ರಾಳದಲ್ಲಿ ಮುಳುಗಿಸಿ ಗಟ್ಟಿ ಮಾಡಿದ್ದು. ಸ್ಪಾರ್ಕ್ ಲೆಕ್ಕಕ್ಕೆ ಈ ಸೆಲ್ಲನ್ನು 3.9 ವೋಲ್ಟ್ ಅಂತ ತಗೊಳ್ಬೇಕು, ಹಾಗೆ ತಗೊಂಡ್ರೂ ಎಲ್ಲಿ ಶಾರ್ಟ್ ಆದ್ರೂ 177 ಮಿಲಿ ಆಂಪ್ ದಾಟುದಿಲ್ಲ, ಒಂದು ಪಾರ್ಟಲ್ಲಿ ಬಿಸಿಯಾಗಿ ಹೋಗುವ ಪವರ್ 0.17 ವಾಟ್‌ಗೆ ನಿಲ್ತದೆ, ಟಿ4 (ಮೈ ಬಿಸಿ 135 ಡಿಗ್ರಿ ದಾಟಬಾರ್ದು ಅನ್ನುವ ವರ್ಗ) ಸಲೀಸು. ಇಂಟ್ರಿನ್ಸಿಕ್ ಸೇಫ್ಟಿ ಅಂದ್ರೆ ಇಷ್ಟೇ, ಕಿಡಿ ಬಂದ್ರೂ ಗ್ಯಾಸ್ ಹತ್ತಿಸುವ ತಾಕತ್ತು ಅದಕ್ಕೆ ಇರಬಾರ್ದು. ಸುಲಭ ಅಂತ ಕಾಣ್ತದೆ, ಈ ರೆಸಿಸ್ಟರಿನ ಆಚೆ ರೇಡಿಯೋ ಇಡುವವರೆಗೆ.

ಮೊದಲು ಜಿಎಸ್‌ಎಂ, ಯಾಕಂದ್ರೆ ಗೇಟ್‌ವೇ (ಮಧ್ಯದಲ್ಲಿ ಸಿಗ್ನಲ್ ಹಿಡಿದು ಮುಂದೆ ಕಳಿಸುವ ಡಬ್ಬಿ) ಬೇಡ, ಸಿಮ್ ಹಾಕಿದ್ರೆ ಮುಗೀತು ಅಂತ ಗಿರಾಕಿಗೂ ಅದೇ ಇಷ್ಟ. 900 ಬ್ಯಾಂಡಲ್ಲಿ ಅದು ಬಿಡುವ ಪವರ್ 2 ವಾಟ್‌ವರೆಗೆ ಹೋಗ್ತದೆ, ಟೂ-ಸಿಗೆ ಸ್ಫೋಟದ ಜಾಗದ ಉಪಕರಣಗಳ ಸ್ಟ್ಯಾಂಡರ್ಡ್ ಐಇಸಿ 60079-0 ಕೊಡುವ ಮಿತಿಯೂ 2 ವಾಟೇ, ಆದ್ರೆ ಆಂಟೆನಾ ಗೇನ್ ಸೇರಿಸಿ. 3 ಡಿಬಿಯ ಆಂಟೆನಾ ಸಿಕ್ಕಿಸಿದ್ರೆ 4 ವಾಟ್ ಹತ್ತಿರ ಆಯ್ತು, ಅದಕ್ಕಿಂತ ಸಡಿಲದ ಗ್ರೂಪ್ ಟೂ-ಬಿಯ 3.5 ವಾಟನ್ನೂ ದಾಟಿತು. ಬರ್ಸ್ಟ್, ಅಂದ್ರೆ ಅದು ಒಮ್ಮೆಗೆ ಕಳಿಸುವ ತುಣುಕು, ಎಂಟರಲ್ಲಿ ಒಂದು ಪಾಲು ಹೊತ್ತು ಮಾತ್ರ ಅಲ್ವಾ, ಆವರೇಜ್ ಮಾಡುವ ಅಂತ ನಾನೂ ಅಂದುಕೊಂಡಿದ್ದೆ, ಆದ್ರೆ ಟೂ-ಸಿಗೆ ಆವರೇಜ್ ಮಾಡ್ಲಿಕ್ಕೆ ಬಿಡುದು ಬರೀ 20 ಮೈಕ್ರೋಸೆಕೆಂಡ್, ಜಿಎಸ್‌ಎಂ ಬರ್ಸ್ಟೇ 577 ಮೈಕ್ರೋಸೆಕೆಂಡ್. ಇದೂ ಹೋಗ್ಲಿ, ಆ ಬರ್ಸ್ಟಿಗೆ ಅದು 2 ಆಂಪ್ ಹತ್ತಿರ ಎಳೀತದೆ. ವೋಲ್ಟೇಜ್ 0.3ಕ್ಕಿಂತ ಹೆಚ್ಚು ಇಳೀಬಾರ್ದು ಅಂದ್ರೆ 3,800 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕು, ಟೂ-ಸಿಗೆ 5 ವೋಲ್ಟಲ್ಲಿ ಸ್ಟ್ಯಾಂಡರ್ಡಿನ ಟೇಬಲ್ ಬಿಡುದು ಬರೀ 100. ಅಲ್ಲಿಗೆ ಸ್ಕೋಪ್ ಆಫ್ ಮಾಡಿ ಚಾ ಕುಡೀಲಿಕ್ಕೆ ಹೋದೆವು. 4ಜಿಯಲ್ಲಿ ರೇಡಿಯೋ ಪವರ್ 200 ಮಿಲಿವಾಟ್‌ಗೆ ಇಳೀತದೆ, ಆ ತಲೆನೋವು ಹೋಗ್ತದೆ, ಆದ್ರೆ ಕರೆಂಟಿನ ಹಸಿವು 22 ಓಮ್ ತಡೆಯುವಷ್ಟು ಕಮ್ಮಿ ಆಗುದಿಲ್ಲ.

ವೈಫೈಗೆ ಶಾಪಲ್ಲೇ ಬಿದ್ದಿದ್ದ ಇಎಸ್‌ಪಿ32 ಚಿಪ್. ಕಳಿಸುವಾಗ 240 ಮಿಲಿ ಆಂಪ್, ಅದನ್ನು 22ರಿಂದ ಗುಣಿಸಿ, 5 ವೋಲ್ಟ್ ಮೇಲೆ ಬರ್ತದೆ, ಇರುದೇ 3.6. ನೋಡುವ ಅಂತ ಹುಡುಗ 100 ಮೈಕ್ರೋಫ್ಯಾರಡ್ ಸೆರಾಮಿಕ್ ಹಾಕಿದ, ಅದು ತಡೆಯುದು 0.2 ಮಿಲಿಸೆಕೆಂಡ್, ಆಮೇಲೆ ಸೀರಿಯಲ್ ಮಾನಿಟರಲ್ಲಿ ಬ್ರೌನ್‌ಔಟ್ ಬ್ರೌನ್‌ಔಟ್ (ವೋಲ್ಟೇಜ್ ಬಿತ್ತು) ಅಂತ ಒಂದೇ ಜಪ.

ಇದನ್ನೆಲ್ಲ ಫ್ಲೇಮ್‌ಪ್ರೂಫ್ ಡಬ್ಬಿಯೊಳಗೆ (ಒಳಗೆ ಸ್ಫೋಟ ಆದ್ರೂ ಹೊರಗೆ ಬೆಂಕಿ ಬಿಡದ ಗಟ್ಟಿ ಡಬ್ಬಿ) ತುಂಬಿಸಿದ್ರೆ ಆಗುದಿಲ್ವಾ ಅಂತ ಎಲ್ರೂ ಕೇಳ್ತಾರೆ. ಆಗ್ತದೆ. ಆದ್ರೆ ದಪ್ಪ ಅಲ್ಯೂಮಿನಿಯಂ ಡಬ್ಬಿಯೊಳಗಿಂದ ಸಿಗ್ನಲ್ ಹೊರಗೆ ಬರುದಿಲ್ಲ, ಆಂಟೆನಾ ಹೊರಗೇ ಬೇಕು, ಹೊರಗೆ ಬಂದ ಆಂಟೆನಾಗೆ ಒಳಗಿನ ಕರೆಂಟ್ ಫಾಲ್ಟಲ್ಲೂ ಹೋಗಬಾರ್ದು ಅಂತ ಬ್ಲಾಕಿಂಗ್ ಕೆಪಾಸಿಟರ್ ಇರುವ ಐಸೊಲೇಟರ್ ಬೇಕು, ಅಂದ್ರೆ ತಿರುಗಿ ಇಂಟ್ರಿನ್ಸಿಕ್ ಸೇಫ್ಟಿ ಹತ್ತಿರವೇ ಬಂದು ನಿಂತೆವು, ಮೇಲಿಂದ ಡಬ್ಬಿಯ ಭಾರ. ಮತ್ತೆ ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಫ್ಲೇಮ್ ಪಾತ್‌ಗೆ, ಅಂದ್ರೆ ಡಬ್ಬಿಯೂ ಮುಚ್ಚಳವೂ ಕೂಡುವ ಸಂದಿಗೆ, ಪೇಂಟ್ ಹಾಕ್ಲಿಕ್ಕಿಲ್ಲ, ಗಟ್ಟಿಯಾಗದ ಗ್ರೀಸ್ ಹಚ್ಚಿ ನೋಡಿಕೊಳ್ಳುದೇ ದಾರಿ, ಬ್ಯಾಟರಿ ಬದಲಿಸ್ಲಿಕ್ಕೆ ಬಂದವ ಅಷ್ಟೂ ಬೋಲ್ಟ್ ವಾಪಸ್ ಹಾಕ್ತಾನೆ ಅಂತ ನಾನಂತೂ ನಂಬುದಿಲ್ಲ.

ಲೋರಾ ಕೊನೆಗೆ, ಅಂದ್ರೆ ಕಮ್ಮಿ ಪವರಲ್ಲಿ ಸಣ್ಣ ಸಂದೇಶವನ್ನು ದೂರಕ್ಕೆ ಕಳಿಸುವ ರೇಡಿಯೋ. 865 ಮೆಗಾಹರ್ಟ್ಸ್, ಇಲ್ಲಿ ಲೈಸೆನ್ಸ್ ಬೇಡ. ಎಸ್‌ಎಕ್ಸ್1276 ಚಿಪ್ಪನ್ನು ಪೂರ್ತಿ 20 ಡಿಬಿಎಂಗೆ (100 ಮಿಲಿವಾಟ್) ಏರಿಸಿದ್ರೆ 120 ಮಿಲಿ ಆಂಪ್, ನಮ್ಮ ರೆಸಿಸ್ಟರಲ್ಲಿ ಅದೂ ಸಾಯ್ತದೆ. 13 ಡಿಬಿಎಂಗೆ ಇಳಿಸಿದ್ರೆ 29 ಮಿಲಿ ಆಂಪ್, ರೆಸಿಸ್ಟರ್ ತಿನ್ನುದು 0.64 ವೋಲ್ಟ್, ಚಿಪ್ಪು 1.8ರವರೆಗೂ ನಡೀತದೆ, ದೊಡ್ಡ ಕೆಪಾಸಿಟರೇ ಬೇಡ! ಇದು ದೊಡ್ಡ ವಿಷಯ, ಯಾಕಂದ್ರೆ ಎಸ್‌ಎಫ್12ಲ್ಲಿ (ಎಸ್‌ಎಫ್ ನಂಬರ್ ಏರಿದಷ್ಟೂ ಸಿಗ್ನಲ್ ದೂರ ಹೋಗ್ತದೆ, ನಿಧಾನವೂ ಆಗ್ತದೆ) ಸಣ್ಣ ಪ್ಯಾಕೆಟ್ಟೂ ಒಂದೂವರೆ ಸೆಕೆಂಡ್ ಹತ್ತಿರ ಗಾಳಿಯಲ್ಲಿ ಇರ್ತದೆ, ಅಷ್ಟು ಹೊತ್ತು ಇಲ್ಲಿ ಹಾಕಬಹುದಾದ ಯಾವ ಕೆಪಾಸಿಟರೂ ಹೊರಲಿಕ್ಕಿಲ್ಲ. ನಮ್ಮಲ್ಲಿ ತಗಡಿನ ಶೆಡ್ ಹಿಂದಿನಿಂದ ಎಸ್‌ಎಫ್7 ಬರ್ಲಿಲ್ಲ, 10 ಬಂತು, ಜೋರು ಮಳೆಯಲ್ಲೂ ಬಂತು. ಒಂದೇ ಕಿರಿಕಿರಿ, ಎರಡು ವಾರ ಸುಮ್ಮನೆ ಇಟ್ಟ ಸೆಲ್ ಮೊದಲ ಪ್ಯಾಕೆಟ್‌ಗೆ ಮುಗ್ಗರಿಸಿತು. ಲಿಥಿಯಂ ಮೇಲೆ ಪದರ ಕಟ್ಟುದರಿಂದ ಹಾಗೆ ಆಗುದು, ಕಳಿಸುವ ಮುಂಚೆ ಸಣ್ಣ ಲೋಡ್ ಕೊಟ್ಟು ಎಬ್ಬಿಸಿದ್ರೆ ಸರಿ.

ಲೋರಾದಲ್ಲೂ ಮಾಡ್ಯೂಲಾ, ಬರೀ ಚಿಪ್ಪಾ ಅಂತ ಇನ್ನೊಂದು ಹೋಲಿಕೆ ಉಂಟು, ನಮ್ಮ ಸಮಯ ಹೆಚ್ಚು ತಿಂದದ್ದು ಇದೇ. ತವರದ ಮುಚ್ಚಳ ಇರುವ ಮಾಡ್ಯೂಲ್ ಸುಲಭ, ರೇಡಿಯೋ ನೋಡಿಕೊಳ್ಳುವ ಸರ್ಕಾರಿ ವಿಭಾಗ ಡಬ್ಲ್ಯುಪಿಸಿಯ ಅಪ್ರೂವಲ್ಲೂ ಇತ್ತು, ಆದ್ರೆ ಆ ಕಾಗದ ರೇಡಿಯೋಗೆ, ಸ್ಫೋಟಕ್ಕೆ ಅಲ್ಲ. ಸರ್ಟಿಫಿಕೇಟ್ ಕೊಡುವವರು ಕೇಳುದು ಮುಚ್ಚಳದೊಳಗೆ ಎಷ್ಟು ಕೆಪಾಸಿಟರ್, ಎಷ್ಟು ಇಂಡಕ್ಟರ್, ವೋಲ್ಟೇಜ್ ಏರಿಸುವ ಕನ್ವರ್ಟರ್ ಉಂಟಾ ಅಂತ. ಆ ಸರ್ಕ್ಯೂಟ್ ಕೇಳಿ ಒಂದು ಕಂಪೆನಿಗೆ ಮೇಲ್ ಹಾಕಿದ್ರೆ ಮತ್ತೆ ಮತ್ತೆ ಅದೇ ಡೇಟಾಶೀಟ್ ಕಳಿಸಿದ್ರು, ಇನ್ನೊಬ್ರು ಎನ್‌ಡಿಎ (ಗುಟ್ಟು ಹೊರಗೆ ಬಿಡುದಿಲ್ಲ ಅನ್ನುವ ಕರಾರು) ಕಳಿಸಿ ಅಂದ್ರು, ಕಳಿಸಿದ ಮೇಲೆ ಸುದ್ದಿಯೇ ಇಲ್ಲ. ಒಟ್ರಾಸಿ ಚಿಪ್ಪನ್ನೇ ನಮ್ಮ ಬೋರ್ಡಿಗೆ ಬೆಸೆದೆವು, ಆಂಟೆನಾ ಮ್ಯಾಚಿಂಗಲ್ಲಿ ಮೂರು ಬೋರ್ಡ್ ಹಾಳಾಯ್ತು, ಆದ್ರೆ ಈಗ ಒಂದೊಂದು ಕೆಪಾಸಿಟರಿನ ಲೆಕ್ಕವೂ ನಮ್ಮ ಕೈಯಲ್ಲಿ ಉಂಟು.

ದುಡ್ಡು ಇದ್ದವರು ಸರ್ಟಿಫಿಕೇಟ್ ಸಮೇತ ಬರುವ ವೈರ್‌ಲೆಸ್ ಹಾರ್ಟ್ (ಕಾರ್ಖಾನೆ ಉಪಕರಣಗಳ ರೇಡಿಯೋ ಪದ್ಧತಿ) ಟ್ರಾನ್ಸ್‌ಮಿಟರ್ ತಗೊಳ್ಳಿ, ನಾಲ್ಕೈದು ಪಾಯಿಂಟ್ ಮಾತ್ರ ಇದ್ರೆ ಅದೇ ಲಾಭ, ನಮ್ಮ ಗಿರಾಕಿಗೆ ಬೇಕಿದ್ದದ್ದು ಅರುವತ್ತು.

ನಮ್ಮ ಡಬ್ಬಿ ಈಗ ಟೆಸ್ಟಿಂಗಿಗೆ ಹೊರಡುವ ಹಂತದಲ್ಲಿ ಉಂಟು, ಅದರ ರಿಪೋರ್ಟ್ ಬಂದ ಮೇಲೆ ಸ್ಫೋಟಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಪೆಸೋದ ಅಪ್ರೂವಲ್. ಉಳಿದದ್ದು ಆಂಟೆನಾದ ಪ್ಲಾಸ್ಟಿಕ್ ಟೊಪ್ಪಿ, ಝೋನ್ 1 ಟೂ-ಸಿಗೆ ಪ್ಲಾಸ್ಟಿಕ್ ಮೈ 20 ಚದರ ಸೆಂಟಿಮೀಟರ್ ದಾಟಿದ್ರೆ ಸ್ಟ್ಯಾಟಿಕ್ ಚಾರ್ಜಿನ ಪ್ರಶ್ನೆ ಬರ್ತದೆ, ನಮ್ಮದು ಸ್ವಲ್ಪ ದಾಟ್ತದೆ. ಒದ್ದೆ ಬಟ್ಟೆಯಲ್ಲೇ ಒರೆಸಿ ಅಂತ ಸ್ಟಿಕ್ಕರ್ ಅಂಟಿಸುವ ಅಂತ ಹುಡುಗ ಹೇಳ್ತಾನೆ, ಟ್ಯಾಂಕ್ ಏರುವವ ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸುದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಹಾಗಾಗಿ ಟೊಪ್ಪಿಯನ್ನೇ ಸಣ್ಣ ಮಾಡ್ಲಿಕ್ಕೆ ಕೊಟ್ಟಿದ್ದೇನೆ.