ಮಾಟುಂಗಾದ ರಾಮ ನಾಯಕ್ ಬೋರ್ಡಿಂಗ್: ಮುಂಬೈಯಲ್ಲಿ ಒಬ್ರೇ ಊಟಕ್ಕೆ ಹೋಗೋರು ಮೊದಲು ಹೋಗ್ಬೇಕಾದ ಜಾಗ

ಮುಂಬೈಗೆ ಹೊಸದಾಗಿ ಕೆಲಸಕ್ಕೆ ಬಂದವರು ಮೊದಮೊದಲು ವಡಾಪಾವ್ ಸಖತ್ತಾಗಿದೆ, ಮಿಸಳ್ ಸಖತ್ತಾಗಿದೆ ಅಂತಿರ್ತಾರೆ, ಆಮೇಲೆ ಮೆತ್ತಗೆ ಕೇಳೋಕೆ ಶುರು ಮಾಡ್ತಾರೆ, ಇಲ್ಲಿ ಅನ್ನ ಸಾರು ಎಲ್ಲಿ ಸಿಗತ್ತೆ ಅಂತ. ನನ್ನನ್ನ ಕೇಳಿದವರಿಗೆಲ್ಲ ನಾನು ಹೇಳೋದು ಒಂದೇ ಹೆಸರು, ಮಾಟುಂಗಾ ಸ್ಟೇಷನ್ ಎದುರಿನ ಎ. ರಾಮ ನಾಯಕ್ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. ಇದರ ಬಗ್ಗೆ ಹಿಂದಿ ಮರಾಠಿ ಇಂಗ್ಲಿಷಲ್ಲಿ ಬೇಕಾದಷ್ಟು ವಿಡಿಯೋ ಇದಾವೆ, ಎಲ್ಲರೂ ಬಾಳೆ ಎಲೆ ತೋರ್ಸಿ ಅನ್‌ಲಿಮಿಟೆಡ್ ಅನ್‌ಲಿಮಿಟೆಡ್ ಅಂತ ಕೂಗಿ ಮುಗಿಸ್ತಾರೆ. ನನಗೆ ಅನ್ಸೋ ಮುಖ್ಯ ವಿಷಯ ಬೇರೆ ಇದೆ, ಅದನ್ನ ಯಾರೂ ಹೇಳಿದ್ದು ನೋಡಿಲ್ಲ, ಅದಕ್ಕೇ ಬರೀತಿದೀನಿ. ಈ ಊರಲ್ಲಿ ಒಬ್ಬೊಬ್ರೇ ಇರೋರು, ಒಬ್ಬೊಬ್ರೇ ಊಟಕ್ಕೆ ಹೋಗೋರು, ಅವರನ್ನ ಇಲ್ಲಿ ಮನೆಗೆ ಬಂದವರನ್ನ ನೋಡ್ಕೊಳ್ಳೋ ಹಾಗೆ ನೋಡ್ಕೋತಾರೆ.

ಮೊದಲು ದಾರಿ ಹೇಳ್ಬಿಡ್ತೀನಿ, ಯಾಕಂದ್ರೆ ಹೊಸಬರು ಎಡವೋದೇ ಇಲ್ಲಿ. ಮಾಟುಂಗಾ ಸುತ್ತ ಮೂರು ಸ್ಟೇಷನ್ ಇದೆ. ಸೆಂಟ್ರಲ್ ಲೈನಲ್ಲಿ ಮಾಟುಂಗಾ, ವೆಸ್ಟರ್ನ್ ಲೈನಲ್ಲಿ ಮಾಟುಂಗಾ ರೋಡ್, ಹಾರ್ಬರ್ ಲೈನಲ್ಲಿ ಕಿಂಗ್ಸ್ ಸರ್ಕಲ್. ನಿಮಗೆ ಬೇಕಾಗಿರೋದು ಸೆಂಟ್ರಲ್ ಲೈನಿನ ಮಾಟುಂಗಾ, ಅಲ್ಲಿ ಇಳಿದು ಈಸ್ಟ್ ಕಡೆ ಬರ್ಬೇಕು. ಫಾಸ್ಟ್ ಲೋಕಲ್ ಇಲ್ಲಿ ನಿಲ್ಲಲ್ಲ, ದಾದರ್ ಬಿಟ್ರೆ ಸೀದಾ ಕುರ್ಲಾಗೇ ಹೋಗ್ಬಿಡತ್ತೆ, ಹಾಗಾಗಿ ಸ್ಲೋ ಗಾಡಿನೇ ಹತ್ತಿ. ಭಾನುವಾರ ಹೊರಡೋರು ಹಿಂದಿನ ದಿನನೇ ಮೆಗಾಬ್ಲಾಕ್, ಅಂದ್ರೆ ರಿಪೇರಿಗೆ ಅಂತ ಲೈನ್ ಬಂದ್ ಮಾಡೋದು, ಎಲ್ಲಿದೆ ಅಂತ ನೋಡ್ಕೊಂಡಿರಿ, ಮಾಟುಂಗಾ ಮುಲುಂಡ್ ಮಧ್ಯೆ ಟ್ರ್ಯಾಕ್ ಕೆಲಸ ಆಗಾಗ ಇರತ್ತೆ, ಗೊತ್ತಿಲ್ದೆ ಬಂದ್ರೆ ಪ್ಲಾಟ್‌ಫಾರ್ಮಲ್ಲಿ ಕಾಯೋದ್ರಲ್ಲೇ ಹಸಿವು ಸತ್ತೋಗತ್ತೆ. ಅಂದಹಾಗೆ ಈ ಸ್ಟೇಷನ್ನಿಗೂ ಒಂದು ಹೆಸರಿದೆ, 2017ರಲ್ಲಿ ಸ್ಟೇಷನ್ ಮ್ಯಾನೇಜರಿಂದ ಹಿಡಿದು ಟಿಕೆಟ್ ಕೊಡೋರು, ಚೆಕ್ ಮಾಡೋರು, ಪೊಲೀಸ್ ಎಲ್ಲಾ ಹೆಂಗಸರನ್ನೇ ಇಲ್ಲಿ ಹಾಕಿದ್ರು, ಲಿಮ್ಕಾ ದಾಖಲೆ ಪುಸ್ತಕಕ್ಕೂ ಹೋಯ್ತು. ನನ್ನಮ್ಮನಿಗೆ ಇದು ಹೇಳಿದ್ದಕ್ಕೆ ಊಟಕ್ಕಿಂತ ಹೆಚ್ಚು ಖುಷಿ ಪಟ್ಟರು.

ಸ್ಟೇಷನ್ನಿಂದ ಹೊರಗೆ ಬಂದ್ರೆ ಮಾರ್ಕೆಟ್ ಬಿಲ್ಡಿಂಗ್, ಅದರ ಮೊದಲನೇ ಮಹಡಿಯಲ್ಲಿ ಬೋರ್ಡಿಂಗ್. ಮೆಟ್ಟಿಲು ಹತ್ಬೇಕು, ಮಂಡಿ ನೋವಿರೋ ದೊಡ್ಡವರನ್ನ ಕರ್ಕೊಂಡು ಬರೋರು ಇದನ್ನ ನೆನಪಲ್ಲಿಟ್ಕೊಳ್ಳಿ. ಮೇಲೆ ಹೋದ್ರೆ ಗಲ್ಲಾ, ಅಲ್ಲಿ ದುಡ್ಡು ಕೊಟ್ಟು ಕೂಪನ್ ತಗೋಬೇಕು. ಊಟ ಎರಡು ತರ. ತಟ್ಟೆ ಊಟ ಲಿಮಿಟೆಡ್ಡು, ರೇಟ್ ಕಮ್ಮಿ. ಎಲೆ ಊಟಕ್ಕೆ ಸ್ವಲ್ಪ ಜಾಸ್ತಿ, ಆದ್ರೆ ನೀವು ಸಾಕು ಅನ್ನೋವರೆಗೂ ಬಡಿಸ್ತಾರೆ. ದಿನಾ ಆಫೀಸಿಂದ ಬರೋರಿಗೆ ತಟ್ಟೆ ಊಟ ಸರಿ, ಆದ್ರೆ ಮೊದಲ ಸಲ ಬರೋರು ಎಲೆಗೇ ಕೂತ್ಕೊಳ್ಳಿ, ತಟ್ಟೆಯಲ್ಲಿ ಊಟ ಸಿಗತ್ತೆ, ಬಡಿಸೋದು ಹೇಗೆ ಅಂತ ನೋಡೋಕೆ ಸಿಗಲ್ಲ.

ಇದು ಶುರುವಾಗಿದ್ದು 1942ರಲ್ಲಿ, ಯುದ್ಧ ನಡೀತಿದ್ದ ಕಾಲ. ಶುರು ಮಾಡಿದವರು ಉಡುಪಿ ಕಡೆಯಿಂದ ಚಿಕ್ಕ ವಯಸ್ಸಲ್ಲೇ ಬೊಂಬಾಯಿಗೆ ಬಂದ ಎ. ರಾಮ ನಾಯಕರು. ಮಾಟುಂಗಾ ಆಗ ಹೊಸ ಬಡಾವಣೆ. 1896ರ ಪ್ಲೇಗ್ ಆದ್ಮೇಲೆ ಹಳೇ ಊರಿನ ಇಕ್ಕಟ್ಟು ಕಮ್ಮಿ ಮಾಡ್ಬೇಕು ಅಂತ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಒಂದು ಮಾಡಿದ್ರು, ಅವರೇ ದಾದರ್ ಮಾಟುಂಗಾ ಕಡೆ ಅಗಲ ರಸ್ತೆ, ಮರ, ಪಾರ್ಕು ಅಂತ ಪ್ಲಾನ್ ಹಾಕಿ ಕಟ್ಟಿಸಿದ್ದು. ಅಲ್ಲಿಗೆ ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟುಗಳು, ಓದೋ ಹುಡುಗರು ಬಂದು ಸೇರ್ಕೊಂಡ್ರು, ಒಂದೊಂದು ರೂಮಲ್ಲಿ ನಾಲ್ಕೈದು ಜನ. ಅಡುಗೆ ಮಾಡ್ಕೊಳ್ಳೋಕೆ ಜಾಗನೂ ಇಲ್ಲ, ಗೊತ್ತೂ ಇಲ್ಲ, ಹೆಂಡ್ತಿ ಮಕ್ಕಳು ಊರಲ್ಲಿ. ಅಂಥವರಿಗೆ ದಿನಾ ಹೊಟ್ಟೆಗೆ ಒಗ್ಗೋ ಊಟ, ಜೇಬಿಗೆ ಒಗ್ಗೋ ರೇಟಲ್ಲಿ ಹಾಕೋದಕ್ಕೆ ಅಂತಲೇ ಇಂಥ ಬೋರ್ಡಿಂಗ್‌ಗಳು ಹುಟ್ಟಿದ್ದು. ಫ್ಯಾಮಿಲಿ ಸಮೇತ ಬಂದು ಸಂಭ್ರಮಕ್ಕೆ ತಿನ್ನೋ ಹೋಟೆಲ್ ಆಗಿ ಹುಟ್ಟಿದ್ದಲ್ಲ. ಈ ಗುಣ ಇನ್ನೂ ಹೋಗಿಲ್ಲ ಅನ್ನೋದೇ ನನ್ನ ಮಾತು.

ಬೇರೆ ಕಡೆ ಒಬ್ರೇ ಹೋಗಿ ನೋಡಿ. ಈ ಊರಲ್ಲೇ ಒಂದು ಎಸಿ ರೆಸ್ಟೋರೆಂಟಲ್ಲಿ ನಾನು ಒಬ್ಳೇ ಅಂತ ಗೊತ್ತಾದ ತಕ್ಷಣ ವಾಶ್‌ಬೇಸಿನ್ ಪಕ್ಕದ ಚಿಕ್ಕ ಟೇಬಲ್ ತೋರಿಸಿದ್ರು, ನೀರು ಕೇಳಿ ಕೇಳಿ ಸಾಕಾಯ್ತು, ಪಕ್ಕದ ಎಂಟು ಜನರ ಟೇಬಲ್ಲಿಗೆ ಇಬ್ಬರು ವೇಟರ್ ನಿಂತಿದ್ರು. ಸೌತ್ ಇಂಡಿಯನ್ ಥಾಲಿ ಅಂತ ತಂದಿಟ್ಟಿದ್ರಲ್ಲಿ ಸಾಂಬಾರು ಬೆಲ್ಲದ ಪಾನಕ. ಇಲ್ಲಿ ಒಬ್ರೇ ಬಂದ್ರೆ ಜಾಗ ಬೇಗ ಸಿಗತ್ತೆ, ಯಾಕಂದ್ರೆ ಟೇಬಲ್ ಹಂಚ್ಕೊಂಡೇ ಕೂರೋದು, ನಾಲ್ಕು ಜನ ಒಟ್ಟಿಗೇ ಕೂರ್ಬೇಕು ಅನ್ನೋರು ಕಾಯ್ತಾರೆ, ಒಬ್ರೇ ಇರೋರನ್ನ "ಏಕ್ ಸೀಟ್, ಏಕ್ ಸೀಟ್" ಅಂತ ಕರೆದು ಕೂರಿಸ್ತಾರೆ. ಎದುರಿಗೆ ಯಾರೋ, ಪಕ್ಕದಲ್ಲಿ ಯಾರೋ, ಆದ್ರೂ ಮುಜುಗರ ಅನ್ಸಲ್ಲ, ಎಲ್ಲರ ಗಮನ ಎಲೆ ಮೇಲೇ.

ಬಡಿಸೋದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಎಲೆ ಹಾಕಿ ನೀರು ಇಡ್ತಾರೆ, ಉಪ್ಪಿನಕಾಯಿ, ಒಂದು ಒಣ ಪಲ್ಯ, ಒಂದು ರಸದ ಪಲ್ಯ, ಹಪ್ಪಳ, ಬಿಸಿ ಪೂರಿ ಇಲ್ಲಾ ಚಪಾತಿ, ಆಮೇಲೆ ಅನ್ನ, ಸಾರು, ಸಾಂಬಾರು, ಮೊಸರು ಮಜ್ಜಿಗೆ. ಪಲ್ಯ ದಿನಕ್ಕೊಂದು ತರ. ನಾನು ಒಂದು ಮಧ್ಯಾಹ್ನ ಕೂತಿದ್ದ ಟೇಬಲ್ಲಲ್ಲಿ ನನ್ನ ಎಡಕ್ಕೆ ಒಬ್ಬ ತಮಿಳು ಹಿರಿಯರು, ಎದುರಿಗೆ ಒಬ್ಬ ಗುಜರಾತಿ ಅಂಕಲ್, ಬಲಕ್ಕೆ ಕಾಲೇಜ್ ಬ್ಯಾಗ್ ಇಟ್ಕೊಂಡಿದ್ದ ಮರಾಠಿ ಹುಡುಗ. ತಮಿಳರಿಗೆ ಅನ್ನಕ್ಕೆ ಮೊದಲು ಸಾಂಬಾರು ಬೇಕು, ರಸಂ ಆಮೇಲೆ. ನಮಗೆ ಮೊದಲು ಸಾರು, ಹುಳಿ ಆಮೇಲೆ. ಗುಜರಾತಿಯವರಿಗೆ ಪೂರಿ ಮುಗಿಯೋವರೆಗೂ ಅನ್ನದ ಯೋಚನೆನೇ ಇಲ್ಲ. ಬಡಿಸ್ತಿದ್ದವನು ಒಂದು ಕೈಯಲ್ಲಿ ಸಾರಿನ ಪಾತ್ರೆ, ಇನ್ನೊಂದು ಕೈಯಲ್ಲಿ ಸೌಟು ಹಿಡ್ಕೊಂಡು ಬಂದ, ಯಾರನ್ನೂ ಕೇಳ್ಲಿಲ್ಲ. ತಮಿಳು ತಾತನ ಎಲೆ ದಾಟಿ ಮುಂದೆ ಬಂದ, ನನ್ನ ಎಲೆಗೆ ಅನ್ನದ ಮಧ್ಯೆ ಗುಂಡಿ ಮಾಡೋಕೆ ಟೈಮ್ ಕೊಟ್ಟು ಸಾರು ಬಿಟ್ಟ, ಅಂಕಲ್‌ಗೆ ಬಟ್ಟಲಲ್ಲಿ ಹಾಕ್ಕೊಟ್ಟ, ಕುಡೀಲಿ ಅಂತ. ಹುಡುಗ ಎಲ್ಲಾ ಕಲಸ್ಕೊಂಡು ಒದ್ದಾಡ್ತಿದ್ದ, ಅವನಿಗೆ ಇನ್ನೊಂದು ಹಿಡಿ ಅನ್ನ ಕಟ್ಟೆ ತರ ಅಡ್ಡ ಹಾಕಿ "ಅಬ್ ನಹೀ ಬಹೇಗಾ", ಇನ್ನು ಹರಿಯಲ್ಲ, ಅಂತ ಹೇಳಿ ಮುಂದಿನ ಟೇಬಲ್ಲಿಗೆ ಹೋದ. ಇದೆಲ್ಲ ಅರ್ಧ ನಿಮಿಷದ ಕೆಲಸ. ಸರ್ವೀಸ್ ಅಂದ್ರೆ ಇದು. ಎಷ್ಟು ದೊಡ್ಡ ಹೋಟೆಲಿನ ಟ್ರೈನಿಂಗಲ್ಲೂ ಇದು ಬರಲ್ಲ, ದಿನಾ ನೂರಾರು ಎಲೆ ನೋಡಿ ನೋಡಿ ಬರ್ಬೇಕು.

ಅದೇ ತಾತ ದಿನಾ ಬರೋರು ಅನ್ಸತ್ತೆ. ಅವರಿಗೆ ಸಿಹಿ ಹಾಕ್ಲಿಲ್ಲ, ಹಪ್ಪಳ ಹಾಕ್ಲಿಲ್ಲ, ಅನ್ನ ಒಂದೇ ಸೌಟು, ಮಜ್ಜಿಗೆ ಮಾತ್ರ ಎರಡು ಲೋಟ ತಂದಿಟ್ರು. ಅವರು ಒಂದು ಮಾತೂ ಆಡ್ಲಿಲ್ಲ. ಊಟ ಮುಗ್ಸಿ ಎದ್ದಾಗ ಬಡಿಸೋನು ಅವರ ಕೋಲು ಗೋಡೆಯಿಂದ ತೆಗೆದು ಕೈಗೆ ಕೊಟ್ಟ.

ಈಗ ರುಚಿ. ಸಾರು ಫಸ್ಟ್ ಕ್ಲಾಸ್. ತೆಳ್ಳಗೆ, ಬೇಳೆ ಕಟ್ಟಿನ ಘಮ, ಹುಳಿ ಖಾರ ಹದವಾಗಿ, ಕೊನೆಗೆ ನಾಲಿಗೆ ಮೇಲೆ ಒಂದು ಚೂರು ಬೆಲ್ಲ. ನಾವು ತುಮಕೂರು ಕಡೆಯವರು, ನಮ್ಮ ಮನೆ ಸಾರು ಇದಕ್ಕಿಂತ ಗಟ್ಟಿ, ಖಾರನೂ ಜಾಸ್ತಿ, ಹಾಗಾಗಿ ಉಡುಪಿ ಸಾರಿಗೆ ನಾಲಿಗೆ ಹೊಂದ್ಕೊಳ್ಳೋಕೆ ಸ್ವಲ್ಪ ಟೈಮ್ ಬೇಕಾಯ್ತು, ಹೊಂದ್ಕೊಂಡ ಮೇಲೆ ಬಿಡೋಕಾಗ್ತಿಲ್ಲ. ಸಾಂಬಾರು ನನ್ನ ಪ್ರಕಾರ ದಿನದಿಂದ ದಿನಕ್ಕೆ ಬದಲಾಗತ್ತೆ, ಕೆಲವು ದಿನ ಕೊತ್ತಂಬರಿ ತೆಂಗಿನಕಾಯಿ ಹುರಿದ ವಾಸನೆ ಮೂಗಿಗೆ ಹೊಡಿಯತ್ತೆ, ಕೆಲವು ದಿನ ಸಾದಾ. ಪೂರಿಯನ್ನ ಬಿಸಿ ಬಿಸಿ ಇರೋವಾಗ್ಲೇ ತಿನ್ಬೇಕು, ಆರಿದ್ರೆ ಚೆನ್ನಾಗಿರಲ್ಲ. ಮೊಸರು ಮಾತ್ರ ಗಟ್ಟಿಯಾಗಿ ಹುಳಿ ಇಲ್ದೆ ಎಷ್ಟು ಚೆನ್ನಾಗಿರತ್ತೆ ಅಂದ್ರೆ, ಮೊಸರನ್ನಕ್ಕೆ ಅಂತಲೇ ಹೊಟ್ಟೆಯಲ್ಲಿ ಜಾಗ ಉಳ್ಸ್ಕೊಳ್ಳಿ. ಖಾರ ಬೇಕು, ಮಸಾಲೆ ಬೇಕು, ಬಾಯಿ ಸುಡ್ಬೇಕು ಅನ್ನೋರಿಗೆ ಇದು ಸಪ್ಪೆ ಅನ್ಸತ್ತೆ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಇದು ದಿನಾ ತಿನ್ನೋ ಊಟ, ತಿಂದ ಮೇಲೆ ಆಫೀಸಿಗೆ ಹೋಗಿ ಕೆಲಸ ಮಾಡ್ಬಹುದು.

ಅಮ್ಮ ಊರಿಂದ ಬಂದಾಗ ಕರ್ಕೊಂಡು ಹೋಗಿದ್ದೆ. ಅಮ್ಮನಿಗೆ ಹಿಂದಿ ಬರಲ್ಲ, ಈ ಊರಲ್ಲಿ ಲಿಫ್ಟಲ್ಲಿ ಸಿಕ್ಕಿದೋರ ಹತ್ರನೂ ಮಾತಾಡೋಕಾಗ್ದೆ ಒಳಗೊಳಗೇ ಬೇಜಾರಾಗಿದ್ರು, ಹೇಳ್ಕೊಂಡಿರ್ಲಿಲ್ಲ. ಅನ್ನ ಹಾಕೋಕೆ ಬಂದವನಿಗೆ ಅಭ್ಯಾಸದ ಮೇಲೆ "ಸಾಕು ಸಾಕಪ್ಪಾ" ಅಂದ್ಬಿಟ್ರು. ಅವನು ಅಲ್ಲೇ ನಿಂತ.

"ಓ, ಕನ್ನಡದವರಾ! ಯಾವ ಊರಾಯ್ತಮ್ಮ ನಿಮ್ಮದು?"

"ತುಮ್ಕೂರು ಪಕ್ಕ ಗುಬ್ಬಿ ಕಣಪ್ಪ. ನಿಂದ್ಯಾವೂರು?"

"ನಮ್ಮದು ಹೆಬ್ರಿ ಹತ್ರ."

"ಮನೇಲಿ ಯಾರ್ಯಾರಿದಾರೆ? ಊರಿಗೆ ಹೋಗ್ತಿರ್ತೀಯಾ?"

"ಅಮ್ಮ ಇದ್ದಾರೆ, ತಮ್ಮ ಇದ್ದಾನೆ. ಮಳೆಗಾಲ ಮುಗಿದ ಮೇಲೆ ಹೋಗೋದು. ನೀವು ಊಟ ಮಾಡಿ ಅಮ್ಮ, ಸಾರು ತಣ್ಣಗಾಗ್ತದೆ."

ಅಷ್ಟೇ ಮಾತು, ಹಿಂದೆ ಲೈನ್ ನಿಂತಿತ್ತು. ಆದ್ರೆ ಆಮೇಲೆ ಅವನು ಆ ಕಡೆ ಹೋದಾಗೆಲ್ಲ ಅಮ್ಮನ ಎಲೆ ಕಡೆ ಒಂದು ಸಲ ಕಣ್ಣು ಹಾಯ್ಸ್ತಿದ್ದ, ಪಲ್ಯ ಖಾಲಿಯಾದ್ರೆ ಪಲ್ಯ, ಮೊಸರಿಗೆ ಮೊಸರು. ಅಮ್ಮ ಅವತ್ತು ಉಂಡಷ್ಟು ನಾನು ಮನೇಲಿ ಮಾಡಿ ಹಾಕಿದ್ದನ್ನ ಯಾವತ್ತೂ ಉಂಡಿಲ್ಲ. ಎಲ್ಲಾ ಬಡಿಸೋರಿಗೂ ಕನ್ನಡ ಬರತ್ತೆ ಅಂತ ಅಂದ್ಕೋಬೇಡಿ, ಈಗ ಎಲ್ಲಾ ಕಡೆಯ ಹುಡುಗರೂ ಕೆಲಸಕ್ಕೆ ಇರ್ತಾರೆ, ಆದ್ರೆ ನೀವು ಕನ್ನಡದಲ್ಲೇ ಒಂದು ಮಾತು ಶುರು ಮಾಡಿ ನೋಡಿ, ತುಳು ಕೊಂಕಣಿ ಕನ್ನಡ ಯಾವುದಾದ್ರೂ ಒಂದರಲ್ಲಿ ಉತ್ತರ ಬರೋ ಚಾನ್ಸ್ ಈ ಏರಿಯಾದಲ್ಲಿ ಜಾಸ್ತಿ. ಹಿಂದೆ ಹೋಟೆಲಲ್ಲಿ ಹಗಲೆಲ್ಲ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಓದಿ ಮೇಲೆ ಬಂದ ಕರಾವಳಿ ಹುಡುಗರು ಈ ಊರಲ್ಲಿ ಎಷ್ಟೋ ಜನ. ಇಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇರೋದೂ ಇಲ್ಲೇ ಭಾವುದಾಜಿ ರೋಡಲ್ಲಿ, ಸಂಘ ಶುರುವಾಗಿದ್ದು 1926ರಲ್ಲಿ. ಊಟ ಮುಗಿಸ್ಕೊಂಡು ಆ ಕಡೆ ಹೋದ್ರೆ ಯಾವುದಾದ್ರೂ ಕನ್ನಡ ನಾಟಕದ್ದೋ ಸಂಗೀತದ್ದೋ ಬೋರ್ಡ್ ಕಂಡ್ರೂ ಕಾಣ್ಬಹುದು.

ಕೊರತೆ ಇಲ್ವಾ ಅಂದ್ರೆ ಇದೆ. ಭಾನುವಾರ ಮಧ್ಯಾಹ್ನ ಕಾಯ್ಬೇಕು, ಕಾಯೋದು ಅಂದ್ರೆ ಚೆನ್ನಾಗೇ ಕಾಯ್ಬೇಕು. ಒಳಗೆ ಪಾತ್ರೆ ಸದ್ದು, ಕೂಪನ್ ಕೂಗು, ಫ್ಯಾನಿನ ಸದ್ದು, ನಿಧಾನಕ್ಕೆ ಮಾತಾಡ್ತಾ ಕೂರೋ ಜಾಗ ಇದಲ್ಲ. ಊಟ ಆದ್ಮೇಲೆ ಹಿಂದೆ ನಿಂತಿರೋರ ಮುಖ ನೋಡಿ ನಾವೇ ಎದ್ದೇಳ್ಬೇಕಾಗತ್ತೆ. ಇನ್ನು ಫೋಟೋ ರೀಲ್ಸ್‌ಗೆ ಅಂತ ಬರೋರಿಗೆ ಒಂದು ಮಾತು, ಪಕ್ಕದಲ್ಲಿ ಅರ್ಧ ಗಂಟೆ ಲಂಚ್ ಬ್ರೇಕಲ್ಲಿ ಓಡಿ ಬಂದು ಊಟ ಮಾಡ್ತಿರೋರು ಇರ್ತಾರೆ, ಅವರ ಎಲೆ ಮೇಲೆ ಕ್ಯಾಮೆರಾ ಹಿಡೀಬೇಡಿ. ನಿಜವಾಗ್ಲೂ ಕೋಪ ಬರತ್ತೆ ನೋಡಿದ್ರೆ.

ಊಟಕ್ಕೆ ಬಂದ ಮೇಲೆ ಹಾಗೇ ವಾಪಸ್ ಹೋಗ್ಬೇಡಿ. ಕೆಳಗೆ ಮಾರ್ಕೆಟ್ಟಲ್ಲಿ ಮಂಗಳೂರು ಸೌತೆಕಾಯಿ, ನುಗ್ಗೆಕಾಯಿ, ಬಾಳೆದಿಂಡು, ಕೆಸುವಿನ ಎಲೆ, ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ಸಿಗತ್ತೆ, ಅಂಧೇರಿ ಪವಾಯಿ ಕಡೆ ಹುಡುಕಿ ಹುಡುಕಿ ಸುಸ್ತಾಗೋ ಸಾಮಾನೆಲ್ಲ ಇಲ್ಲಿ ಗುಡ್ಡೆ ಹಾಕಿರ್ತಾರೆ. ಹೂವಿನವರ ಹತ್ರ ಮಲ್ಲಿಗೆ ಕನಕಾಂಬರ ಎರಡೂ ಸೇರ್ಸಿ ಕಟ್ಟಿದ ದಂಡೆ ಇರತ್ತೆ. ಅಮ್ಮ ಮೊಳಕ್ಕೆ ಎಷ್ಟು ಅಂತ ಬೆರಳಲ್ಲೇ ಕೇಳಿದ್ರು, ಹೂವಿನಾಕೆ ಬೆರಳಲ್ಲೇ ಹೇಳಿದ್ರು, ಇವರು ತಲೆ ಅಲ್ಲಾಡ್ಸಿದ್ರು, ಅವರು ಒಂದು ಬೆರಳು ಮಡಚಿದ್ರು, ಹೂವು ಕೊಂಡಾಯ್ತು. ಕಾಫಿಗೆ ಕಿಂಗ್ಸ್ ಸರ್ಕಲ್ ಕಡೆ ನಡೆದು ಹೋಗಿ, ದೂರ ಇಲ್ಲ, ಕೆಫೆ ಮದ್ರಾಸ್, ರಾಮಾಶ್ರಯ ಎಲ್ಲಾ ಅಕ್ಕಪಕ್ಕದ ರಸ್ತೆಗಳಲ್ಲೇ ಇದಾವೆ, ಅವುಗಳ ತಿಂಡಿ ಬಗ್ಗೆ ಬೇರೆಯದೇ ಬರೀಬೇಕು. ಮನೆಗೆ ಕಾಫಿಪುಡಿ ಬೇಕಿದ್ರೆ ಮೈಸೂರ್ ಕನ್ಸರ್ನ್ಸ್ ಇದೆ, ಬೀಜ ಯಾವುದು, ಚಿಕೋರಿ ಎಷ್ಟು ಅಂತ ಹೇಳಿದ್ರೆ ಹಾಗೇ ಮಾಡಿ ಕೊಡ್ತಾರೆ. ಫಿಲ್ಟರಿಗೆ ಅಂತ ಹೇಳೋದು ಮರೀಬೇಡಿ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಹೋಗಿದ್ದು ಮೆಟ್ಟಿಲಿಗೆ ಮತ್ತೆ ಭಾನುವಾರದ ಲೈನಿಗೆ. ಒಬ್ರೇ ಬರೋರು ವಾರದ ಮಧ್ಯೆ ಹನ್ನೆರಡರ ಒಳಗೆ ಬನ್ನಿ, ಕಾಯೋದು ಕಮ್ಮಿ. ದೊಡ್ಡವರನ್ನ ಕರ್ಕೊಂಡು ಬರೋರಿಗೂ ಅದೇ ಟೈಮ್ ಒಳ್ಳೇದು. ಸೋಮವಾರ ಮಾತ್ರ ಬರ್ಬೇಡಿ, ಅವತ್ತು ಬಾಗಿಲು ಹಾಕಿರತ್ತೆ.